ಮಾವನವರ ಬಂದೂಕಿಗೆ ಒಂದು ಜಾಗ

ನಾನು ಮದುವೆಯಾಗಿ ಸೊಲ್ಲಾಪುರದ ಮನೆಗೆ ಬಂದ ವರ್ಷವೇ ಆ ಮನೆಗೆ ಒಂದು ಬಂದೂಕೂ ಬಂತು.

ನಮ್ಮ ಮಾವನವರು ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಒಂದು ಉದ್ದನೆಯ ಹಲಗೆ, ಬಟ್ಟೆಯ ತಾನುಗಳನ್ನು, ಎಂದರೆ ಸುರುಳಿಗಳನ್ನು, ಇಡುವ ದೊಡ್ಡದೊಂದು ಕಟ್ಟಿಗೆಯ ಪೆಟ್ಟಿಗೆ. ಶಾಲೆಯ ಹುಡುಗರ ಖಾಕಿ ಚಡ್ಡಿ, ಪೊಲೀಸರ ಅಂಗಿ, ಗಿರಣಿಯ ಜವಾನರ ಕೋಟು, ಎಲ್ಲ ಅವರ ಕೈಯಲ್ಲೇ ಆಗುತ್ತಿದ್ದವು. ಬಟ್ಟೆಯ ಮೇಲೆ ಸುಣ್ಣದ ಗೆರೆ ಎಳೆದ ಮೇಲೂ ಇನ್ನೊಮ್ಮೆ ಟೇಪು ಹಿಡಿದು ನೋಡಿ, ಆಮೇಲೆ ಕತ್ತರಿ ಹಾಕುವ ಮನುಷ್ಯ. ಅಂಗಳದಲ್ಲಿ ಇರುವೆಯ ಸಾಲು ಕಂಡರೆ ದಾಟಿ ಕಾಲಿಡುತ್ತಿದ್ದರು. ಅಂಥವರಿಗೆ ಬಂದೂಕು ಬಂದದ್ದು ಅವರ ಅಣ್ಣನ ಕಡೆಯಿಂದ.

ಅಣ್ಣನವರು ಅಕ್ಕಲಕೋಟ ಸಂಸ್ಥಾನದಲ್ಲಿ ಕಾವಲಿನ ನೌಕರಿಯಲ್ಲಿದ್ದವರು. ಸಂಸ್ಥಾನ ವಿಲೀನವಾದ ಮೇಲೆ ಊರ ಹೊರಗಿನ ತಮ್ಮ ಹೊಲದಲ್ಲಿ ಜೋಳ, ಶೇಂಗಾ ಬೆಳೆದುಕೊಂಡಿದ್ದರು. ಶೇಂಗಾಕ್ಕೆ ಕಾಡುಹಂದಿಯ ಕಾಟ. ಅದಕ್ಕೆಂದು ಲೈಸೆನ್ಸ್ ಪಡೆದು ಒಂದು ರೈಫಲ್ ಇಟ್ಟುಕೊಂಡಿದ್ದರು. ನನ್ನ ಮದುವೆಯಲ್ಲಿ ಅಕ್ಷತೆ ಹಾಕಿ, ನಗುತ್ತ ತಲೆ ಸವರಿದವರು, ಮಳೆಗಾಲ ಶುರುವಾಗುವಷ್ಟರಲ್ಲಿ ತೀರಿಹೋದರು. ಅವರಿಗೆ ಮಕ್ಕಳಿರಲಿಲ್ಲ. ಬಂದೂಕನ್ನು ಠಾಣೆಯಲ್ಲಿ ಒಪ್ಪಿಸಬೇಕಾಯಿತು.

ಮಾವನವರಿಗೆ ಅಣ್ಣನೆಂದರೆ ತಂದೆಯ ಹಾಗೆ. ಚಿಕ್ಕವರಿದ್ದಾಗ ಕೈಹಿಡಿದು ಸೊಲ್ಲಾಪುರಕ್ಕೆ ಕರೆತಂದು ಹೊಲಿಗೆಯ ಕೆಲಸಕ್ಕೆ ಹಚ್ಚಿದವರು ಅವರೇ. ಅಣ್ಣನ ಕೈಯಲ್ಲಿ ಓಡಾಡಿದ ವಸ್ತು ಠಾಣೆಯ ಮೂಲೆಯಲ್ಲಿ ತುಕ್ಕು ಹಿಡಿಯುವುದನ್ನು ಅವರಿಗೆ ಸಹಿಸಲಾಗಲಿಲ್ಲ. ಹೇಗೂ ಅತ್ತಿಗೆಯ ಜೊತೆ ಹೊಲದ ಜವಾಬ್ದಾರಿಯನ್ನೂ ಹೊತ್ತಿದ್ದರು. ತಮ್ಮ ಹೆಸರಿಗೆ ಲೈಸೆನ್ಸ್ ಕೊಡಿ ಎಂದು ಅರ್ಜಿ ಹಾಕಿದರು.

ಕಚೇರಿಯಲ್ಲಿ ಸಾಹೇಬರು ಮರಾಠಿಯಲ್ಲಿ ಕೇಳಿದರಂತೆ, ನಿಮಗೆ ಬಂದೂಕು ಹೊಡೆಯಲು ಬರುತ್ತದೆಯೇ ಎಂದು. ಬೇರೆ ಯಾರಾದರೂ ಆಗಿದ್ದರೆ ಹೌದು ಎನ್ನುತ್ತಿದ್ದರು. ಮಾವನವರು, ಇಲ್ಲ ಸಾಹೇಬ, ಒಮ್ಮೆಯೂ ಮುಟ್ಟಿಲ್ಲ ಎಂದರು. ಸಾಹೇಬರು ಅವರ ಮುಖವನ್ನು ಚೆನ್ನಾಗಿ ನೋಡಿ, ಹಾಗಾದರೆ ಕಲಿತುಕೊಳ್ಳಿ, ಆದರೆ ಊರೊಳಗೆ ಬೇಡ, ರಸ್ತೆಯ ಹತ್ತಿರ ಬೇಡ, ಹೊಲದ ಒಡೆಯನನ್ನು ಕೇಳದೆ ಬೇಡ ಎಂದರು. ಮಾವನವರು ಏಳುವಾಗ ಇನ್ನೊಂದು ಮಾತನ್ನೂ ಹೇಳಿದರಂತೆ. ಇದು ಹಕ್ಕಿ ಹೊಡೆಯುವ ಛರ್ರೆ ಬಂದೂಕಲ್ಲ, ಇದರ ಗುಂಡು ಒಂದು ಊರಿನಿಂದ ಹೊರಟರೆ ಇನ್ನೊಂದು ಊರಿನವರೆಗೂ ಹೋದೀತು ಎಂದು.

ಈ ಮಾತು ಮಾವನವರ ತಲೆಯಲ್ಲಿ ಕೂತುಬಿಟ್ಟಿತು. ಊಟಕ್ಕೆ ಕೂತಾಗ ನಮಗೆಲ್ಲ ಹೇಳಿದರು. ಬಡಿಸುತ್ತಿದ್ದ ಅತ್ತೆಯವರ ಕೈ ಅಲ್ಲೇ ನಿಂತಿತು.

"ಹಂಗಾದ್ರ ಯಾವ ಊರ ಕಡಿ ಮಾರಿ ಮಾಡಿ ಹೊಡಿಯಾವರ ನೀವು?" ಎಂದು ಕೇಳಿದರು.

ಮಾವನವರು ರೊಟ್ಟಿ ಮುರಿದರು. ಬಂದೂಕು ಬಂದ ದಿನ ಅದನ್ನು ತಾನುಗಳ ಪೆಟ್ಟಿಗೆಯಲ್ಲಿ, ಖಾಕಿ ಬಟ್ಟೆಯ ಕೆಳಗೆ ಮಲಗಿಸಿದೆವು. ಕಾಡತೂಸುಗಳನ್ನು ಬೇರೆ ಡಬ್ಬಿಯಲ್ಲಿ ಹಾಕಿ ಮಾಳಿಗೆಯಲ್ಲಿಟ್ಟರು. ಪೆಟ್ಟಿಗೆಯ ಕೀಲಿ ಅತ್ತೆಯವರ ಸೊಂಟಕ್ಕೆ ಹೋಯಿತು. ಸುರಕ್ಷಿತವಾದ ಜಾಗ ಸಿಗುವವರೆಗೆ ಅದು ಹೊರಗೆ ಬರುವಂತಿಲ್ಲ ಎಂದು ಇಬ್ಬರೂ ಒಪ್ಪಿಕೊಂಡರು. ಅವರಿಬ್ಬರೂ ಜಗಳವಿಲ್ಲದೆ ಒಪ್ಪಿದ ಮಾತು ಅದೊಂದೇ ಇರಬೇಕು.

ಸಂಜೆ ಗಿರಣಿಯ ಭೋಂಗಾ ಕೂಗಿದ ಮೇಲೆ ಮಾವನವರ ಗೆಳೆಯರು ಅಂಗಡಿಗೆ ಬಂದು ಚಹಾ ಕುಡಿದು ಹೋಗುವುದು ರೂಢಿ. ಅವರಲ್ಲಿ ಹಳೆಯ ನೇಕಾರರೊಬ್ಬರು ಬಂದೂಕಿನ ಸುದ್ದಿ ಕೇಳಿ ನಕ್ಕರು.

"ಇದಕ್ಯಾಕ ಇಷ್ಟ ವಿಚಾರ ಮಾಡ್ತಿ? ಮಾಳಿಗಿ ಮ್ಯಾಲ ನಿಂತು ಮುಗಿಲಿಗೆ ಒಂದು ಹಾರಿಸಿಬಿಡು."

"ಮ್ಯಾಲ ಹೋದದ್ದು ತೆಳಗ ಬರಬೇಕಲ್ಲೋ," ಎಂದರು ಮಾವನವರು.

"ಬರ್ತೈತಿ. ಎಲ್ಲೆರ ಬೀಳ್ತೈತಿ."

"ಎಲ್ಲೆರ ಅಂದ್ರ ಎಲ್ಲಿ? ಯಾರದರ ಅಂಗಳದಾಗ ಹೌದಲ್ಲೋ?"

ಗೆಳೆಯರು ಬಸಿಯಲ್ಲಿದ್ದ ಚಹಾ ಊದತೊಡಗಿದರು. ಒಳಬಾಗಿಲಲ್ಲಿ ನಿಂತಿದ್ದ ನನಗೆ ಅಂದು ಮಾವನವರ ಮೇಲೆ ತುಂಬ ಅಕ್ಕರೆ ಬಂತು. ಹೊಸ ಮನೆಯಲ್ಲಿ ನನಗೆ ಮೊದಲು ಹತ್ತಿರವಾದವರು ಅವರು. ನಮ್ಮ ಮನೆಯವರು ಗಿರಣಿಯಲ್ಲಿ ಪಾಳಿಯ ಕೆಲಸದವರು. ಹಗಲು ಮನೆಯಲ್ಲಿದ್ದರೆ ನಿದ್ದೆ, ಇಲ್ಲವಾದರೆ ಗಿರಣಿ. ಹಾಗಾಗಿ ಜಾಗ ಹುಡುಕಲು ಹೊರಟಾಗಲೆಲ್ಲ ಮಾವನವರು ನನ್ನನ್ನು ಜೊತೆಗೆ ಕರೆಯುತ್ತಿದ್ದರು. "ತಂಗಿ, ಚಪ್ಪಲಿ ಹಾಕ್ಕೋ, ನೋಡಿ ಬರೂಣು," ಎಂದರೆ ಸಾಕು, ನಾನು ಸೆರಗು ಸರಿಮಾಡಿಕೊಂಡು ಹೊರಡುತ್ತಿದ್ದೆ. ಅತ್ತೆಯವರೂ ಬೇಡ ಎನ್ನುತ್ತಿರಲಿಲ್ಲ. ಒಬ್ಬರೇ ಹೋದರೆ ದಾರಿಯಲ್ಲಿ ಮಾತಿಗೆ ನಿಂತು ಸಂಜೆ ಮಾಡುತ್ತಾರೆ ಎಂಬುದು ಅವರ ಅನುಭವ.

ಮೊದಲು ಹೋದದ್ದು ಊರ ಹೊರಗಿನ ಒಂದು ಕಲ್ಲಿನ ಖಣಿಗೆ. ಅದನ್ನು ಸೂಚಿಸಿದವರು ನಮ್ಮ ಮನೆಯವರು. ಸುತ್ತಲೂ ಗೋಡೆಯಂತೆ ಬಂಡೆ, ಗುಂಡು ಹೊರಗೆ ಹೋಗುವುದು ಹೇಗೆ ಎಂದು ಅವರ ವಾದ. ಅಂದು ಖಣಿಗೆ ರಜೆ, ಕಲ್ಲು ಒಡೆಯುವವರು ಯಾರೂ ಇರಲಿಲ್ಲ. ಮಾವನವರು ಕೆಳಗಿಳಿದು, ಛತ್ರಿಯನ್ನು ನೆಲಕ್ಕೆ ಊರಿ, ಸುತ್ತ ನೋಡಿ ಸಂತೋಷಪಟ್ಟರು. ಆಮೇಲೆ ಏನನ್ನಿಸಿತೋ, ಒಂದು ಬೆಣಚುಕಲ್ಲು ತೆಗೆದುಕೊಂಡು ಬಂಡೆಯತ್ತ ಜೋರಾಗಿ ಬೀಸಿದರು. ಅದು ಟಣ್ಣೆಂದು ಸಿಡಿದು ನನ್ನ ಕಾಲ ಹತ್ತಿರ ಬಂದು ಬಿತ್ತು. ಇನ್ನೊಂದು ಬೀಸಿದರು. ಅದು ಅವರ ಛತ್ರಿಗೆ ಬಡಿಯಿತು.

"ಕಲ್ಲು ಒಪ್ಪಂಗಿಲ್ಲ ತಂಗಿ," ಎಂದರು. "ಏನ ಕೊಟ್ರೂ ವಾಪಸ್ ಕೊಡ್ತೈತಿ. ನಡಿ, ಹೋಗೂಣು."

ಆಮೇಲೆ ಅವರಿಗೆ ಪೊಲೀಸರ ಚಾಂದಮಾರಿ ನೆನಪಾಯಿತು. ಪೊಲೀಸರು ಗುರಿ ಹೊಡೆಯುವುದನ್ನು ಕಲಿಯುವ ಬಯಲಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಮಾವನವರ ಹತ್ತಿರ ಅಂಗಿ ಹೊಲಿಸುತ್ತಿದ್ದ ಒಬ್ಬ ಹವಾಲ್ದಾರರನ್ನು ಕೇಳಿದರು. ಅದು ಸರ್ಕಾರಿ ಜಾಗ, ಹೊರಗಿನವರಿಗೆ ಕೊಡಲು ಬರುವುದಿಲ್ಲ ಎಂದರಂತೆ ಅವರು. ಆದರೆ ಒಳ್ಳೆಯ ಮನುಷ್ಯ. ದೂರದಿಂದ ನೋಡುವುದಾದರೆ ಬನ್ನಿ ಎಂದು ಒಂದು ದಿನ ಬೆಳಿಗ್ಗೆ ಮೇಲಿನವರ ಅನುಮತಿ ಪಡೆದು ಕರೆದುಕೊಂಡು ಹೋದರು.

ಅಲ್ಲಿಂದ ಬಂದ ಮಾವನವರ ಉತ್ಸಾಹ ನೋಡಬೇಕಿತ್ತು. ನನ್ನನ್ನೂ ಅತ್ತೆಯವರನ್ನೂ ಅಂಗಡಿಗೆ ಕರೆದರು. ಹಲಗೆಯ ಒಂದು ತುದಿಗೆ ಖಾಕಿ ಬಟ್ಟೆಯ ತಾನನ್ನು ಅಡ್ಡ ಇಟ್ಟರು. ಇದು ಮಣ್ಣಿನ ದಿಬ್ಬ ಎಂದರು. ಇನ್ನೊಂದು ತುದಿಯಲ್ಲಿ ಬಟ್ಟೆಗೆ ಗೆರೆ ಎಳೆಯುವ ಸುಣ್ಣದ ತುಂಡುಗಳನ್ನು ಸಾಲಾಗಿ ಇಟ್ಟರು. ಇವರು ಹೊಡೆಯುವವರು. ಇವರ ಮುಂದೆ ಯಾರೂ ಹೋಗುವಂತಿಲ್ಲ. ಒಬ್ಬನೇ ಹುಕುಮು ಕೊಡುವವನು. ಅವನು ನಿಲ್ಲಿಸಿ ಎಂದರೆ ಎಲ್ಲರೂ ನಿಲ್ಲಿಸಿ, ಬಂದೂಕು ಖಾಲಿ ಮಾಡಿ ತೋರಿಸಬೇಕು.

"ಹಿಂದ ಮಣ್ಣಿರಬೇಕು, ಕಲ್ಲಲ್ಲ. ಎತ್ತರ ಇರಬೇಕು. ಮಣ್ಣು ಗುಂಡ ನುಂಗ್ತೈತಿ," ಎಂದರು.

ಅತ್ತೆಯವರು ತಾನಿನ ಹಿಂದಿನ ಖಾಲಿ ಹಲಗೆಯ ಮೇಲೆ ಬೆರಳಿಟ್ಟರು. "ಇದರ ಆ ಕಡಿ ಏನೈತಿ?"

"ಬಯಲೈತಿ. ಯಾರೂ ಬರಬಾರದಂತ ಕೆಂಪ ಬಾವುಟ ಹಚ್ಚಿರ್ತಾರ."

"ಬಾವುಟ ನೋಡಿ ದನಾ ನಿಲ್ತಾವೇನು?"

ಮಾವನವರು ತಲೆ ಕೆರೆದುಕೊಂಡರು. "ಅಲ್ಲೊಬ್ಬರು ನಿಂತು ಕಾಯಬೇಕು ಹಂಗಾದ್ರ," ಎಂದು ತಮಗೆ ತಾವೇ ಹೇಳಿಕೊಂಡರು. ಆ ದಿನದಿಂದ ನಮ್ಮ ಹುಡುಕಾಟಕ್ಕೆ ಒಂದು ಲೆಕ್ಕಾಚಾರ ಬಂತು. ಎತ್ತರದ ಮಣ್ಣು, ಅದರಾಚೆ ಯಾರೂ ಇಲ್ಲದ ನೆಲ, ಒಪ್ಪುವ ಒಡೆಯ.

ನನ್ನ ತವರು ವಳಸಂಗ. ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ದಾರಿಯಲ್ಲೇ ಬರುತ್ತದೆ. ನಮ್ಮ ಅಣ್ಣನ ಹೊಲದ ಅಂಚಿನಲ್ಲಿ ಒಂದು ಮಣ್ಣಿನ ದಿನ್ನೆ ಇದೆ ಎಂದು ನನಗೆ ನೆನಪಾಗಿ ಹೇಳಿದೆ. ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ಇಬ್ಬರೂ ಎಸ್.ಟಿ. ಬಸ್ಸು ಹತ್ತಿದೆವು. ಅಣ್ಣನಿಗೆ ಬೀಗರು ಬಂದ ಸಂಭ್ರಮ. ಶೇಂಗಾ ಹಿಂಡಿ, ಮೊಸರು, ಖಡಕ್ ರೊಟ್ಟಿ ಊಟ ಮಾಡಿಸಿ ಹೊಲಕ್ಕೆ ಕರೆದುಕೊಂಡು ಹೋದ. ದಿನ್ನೆ ನಾನು ಹೇಳಿದಷ್ಟೇ ಎತ್ತರವಿತ್ತು. ಕರಿಮಣ್ಣು, ಕಲ್ಲಿನ ಹೆಸರಿಲ್ಲ. ಮಾವನವರು ಕೈಯಿಂದ ಕೆದರಿ ನೋಡಿ ತಲೆದೂಗಿದರು.

"ಇನ್ನೇನ್ರಿ ಮಾಮಾ, ಸಿಕ್ಕಿತಲ್ಲ ಜಾಗಾ," ಎಂದ ಅಣ್ಣ.

"ಆ ಕಡಿ ಒಂದಿಷ್ಟು ಹೋಗಿ ಬರೂಣೇನಪಾ?"

"ಆ ಕಡಿ ಏನೈತ್ರಿ, ಬರೇ ಹಳ್ಳ."

ದಿನ್ನೆ ಸುತ್ತಿಕೊಂಡು ಹೋದೆವು. ಹಳ್ಳದಲ್ಲಿ ನೀರು ಬತ್ತಿ, ಅಲ್ಲಲ್ಲಿ ಒರತೆ ತೋಡಿದ್ದರು. ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅವರಲ್ಲಿ ನನ್ನ ಬಾಲ್ಯದ ಗೆಳತಿಯೊಬ್ಬಳು ನನ್ನನ್ನು ನೋಡಿ, ಸೋಪು ಹತ್ತಿದ ಕೈಯಲ್ಲೇ ಎದ್ದು ಓಡಿಬಂದು ತಬ್ಬಿಕೊಂಡಳು. ಮಾವನವರು ನಮ್ಮಿಬ್ಬರನ್ನೂ ನೋಡಿದರು, ಅವಳ ಹಿಂದೆ ಬಟ್ಟೆ ಹರವಿದ್ದ ದಂಡೆಯನ್ನು ನೋಡಿದರು. ದಿನ್ನೆಯ ಮೇಲಿಂದ ಒಂದು ಗುಂಡು ತಪ್ಪಿ ಹಾರಿದರೆ ಬೀಳುವ ಜಾಗ ಅದೇ ಎಂದು ನನಗೂ ತಿಳಿಯಿತು. ನನ್ನ ಕೈ ಅವಳ ಬೆನ್ನ ಮೇಲೆ ಗಟ್ಟಿಯಾಗಿ ಕೂತಿತು.

ವಾಪಸು ಬರುವಾಗ ಅಣ್ಣ ಸ್ವಲ್ಪ ಬೇಸರದಿಂದ, "ಒಂದ ಗುಂಡ ಹೊಡಿಯಾಕ ಇಷ್ಟ ಸುತ್ತಬೇಕೇನ್ರಿ? ನಮ್ಮೂರಾಗ ಲೈಸೆನ್ಸ್ ತಗೊಂಡಾವರು ಎಲ್ಲಿ ಬೇಕಲ್ಲಿ ಹೊಡೀತಾರ," ಎಂದ.

"ಹೊಡೀಲಿ ತಗೋಪಾ," ಎಂದರು ಮಾವನವರು. "ನಾ ಕತ್ತರಿ ಹಾಕಿದ್ದು ತಪ್ಪಿದ್ರ ಬ್ಯಾರೆ ಅರಿವಿ ತರಬಹುದು. ಇದು ಹಂಗಲ್ಲಲ್ಲ."

ಅಕ್ಕಲಕೋಟದಲ್ಲಿ ಮಾತ್ರ ನಾವು ಯಾರನ್ನೂ ಕೇಳಿರಲಿಲ್ಲ. ಅದಕ್ಕೆ ಕಾರಣ ದೊಡ್ಡತ್ತೆ, ಎಂದರೆ ತೀರಿಹೋದ ಅಣ್ಣನವರ ಹೆಂಡತಿ. ಅವರ ಮನೆಗೆ ತಿಂಗಳಿಗೊಮ್ಮೆಯಾದರೂ ಹೋಗುತ್ತಿದ್ದೆವು. ಮಾವನವರು ಹೊಲದ ಕೆಲಸ ನೋಡುತ್ತಿದ್ದರು, ನಾನು ಅಡುಗೆಗೆ ಕೈ ಹಾಕುತ್ತಿದ್ದೆ. ಆದರೆ ಅವರ ಮುಂದೆ ಬಂದೂಕಿನ ಮಾತು ಎತ್ತಬಾರದು ಎಂದು ಅತ್ತೆಯವರು ನಮಗೆಲ್ಲ ಕಟ್ಟಪ್ಪಣೆ ಮಾಡಿದ್ದರು. ಗಂಡನ ಬಂದೂಕು, ಗಂಡನ ಹೊಲ, ಗಂಡನ ನೆನಪು, ಯಾಕೆ ಅವರ ದುಃಖ ಕೆದಕಬೇಕು ಎಂದು. ಮಾವನವರು ಅದನ್ನು ಎಷ್ಟು ಪಾಲಿಸುತ್ತಿದ್ದರೆಂದರೆ ಅಣ್ಣನ ಹೆಸರನ್ನೂ ಆ ಮನೆಯಲ್ಲಿ ಉಚ್ಚರಿಸುತ್ತಿರಲಿಲ್ಲ.

ಅಣ್ಣನವರ ವರ್ಷದ ಕಾರ್ಯಕ್ಕೆ ಹೋದಾಗ ಎರಡು ದಿನ ಉಳಿದೆವು. ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ನಾನೂ ದೊಡ್ಡತ್ತೆಯೂ ಒಲೆಯ ಮುಂದೆ ಕೂತಿದ್ದೆವು. ಅವರು ರೊಟ್ಟಿ ಬಡಿಯುತ್ತಿದ್ದರು, ನಾನು ಬೇಯಿಸುತ್ತಿದ್ದೆ.

"ನಿಮ್ಮ ಮಾವಗ ಏನರ ಚಿಂತಿ ಐತೇನವಾ?" ಎಂದು ಕೇಳಿದರು. "ಹೊಲಕ್ಕ ಹೋದ್ರ ಕೆಲಸ ಬಿಟ್ಟು ದಿನ್ನಿ ನೋಡ್ತಾನ, ಒಡ್ಡು ನೋಡ್ತಾನ. ಮೊನ್ನೆ ಬಾವಿ ಹಿಂದಿನ ಮಣ್ಣ ಕೈಯಾಗ ಹಿಡಕೊಂಡು ನಿಂತಿದ್ದ."

ನಾನು ರೊಟ್ಟಿ ತಿರುವಿದೆ. ಅವರು ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತ ಕೂತರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಎಲ್ಲವನ್ನೂ ಹೇಳಿದೆ. ಸಾಹೇಬರು ಹೇಳಿದ್ದು, ಖಣಿ, ಚಾಂದಮಾರಿ, ವಳಸಂಗದ ದಿನ್ನೆ. ಹೇಳುತ್ತ ಹೇಳುತ್ತ ಅವರ ಮುಖ ನೋಡಲು ಭಯವಾಗಿ ಒಲೆಯನ್ನೇ ನೋಡುತ್ತಿದ್ದೆ. ಮಾತು ಮುಗಿದಾಗ ಅವರು ನಗುತ್ತಿದ್ದರು. ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು.

"ಊರೆಲ್ಲಾ ಹುಡುಕ್ಯಾರ, ನನ್ನ ಯಾಕ ಕೇಳಲಿಲ್ಲ? ಅವರು ಎಲ್ಲಿ ಹೊಡೀತಿದ್ರು ಅಂತ ನನಗ ಗೊತ್ತಿಲ್ಲೇನು?"

"ನಿಮಗ ಸಂಕಟ ಆಗ್ತೈತಿ ಅಂತರಿ ದೊಡ್ಡತ್ತಿ," ಎಂದೆ.

ಅವರ ನಗು ಮೆಲ್ಲಗೆ ಇಳಿಯಿತು. ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ತಿರುಗಿಸುತ್ತ ಹೇಳಿದರು, "ವರ್ಷಾತು, ಈ ಮನ್ಯಾಗ ಅವರ ಹೆಸರು ಯಾರೂ ತಗಿಯಂಗಿಲ್ಲ. ಬರ್ತೀರಿ, ಉಣ್ತೀರಿ, ಮಳಿ ಮಾತಾಡ್ತೀರಿ, ಹೋಗ್ತೀರಿ. ಮನುಷ್ಯಾ ಇದ್ದನೋ ಇಲ್ಲೋ ಅನ್ನೂ ಹಂಗ ಆಗೇತಿ ನನಗ. ನಾ ಅಳತೀನಂತ ಅಂಜತೀರಿ. ಅಳೂದಾದ್ರ ಅಳತೀನಿ ಯವ್ವಾ. ಅದರಾಗೇನೈತಿ."

ಹೊರಗಿನ ಪಡಸಾಲೆಯಲ್ಲಿ ಮಾವನವರು ಕೂತಿದ್ದರು. ನಡುವೆ ಇದ್ದದ್ದು ಒಂದು ಅರೆಗೋಡೆ. ಅವರಿಗೆ ಎಲ್ಲ ಕೇಳಿಸಿತ್ತು. ಎದ್ದು ಬಂದು ಅಡುಗೆಮನೆಯ ಹೊಸ್ತಿಲ ಮೇಲೆ, ಮಕ್ಕಳು ಕೂರುವ ಹಾಗೆ, ಕೂತುಬಿಟ್ಟರು.

"ತಪ್ಪಾತು ವೈನಿ," ಎಂದರು ಅತ್ತಿಗೆಗೆ. ಆಮೇಲೆ, ಒಂದು ವರ್ಷದಲ್ಲಿ ಮೊದಲ ಬಾರಿ, ಆ ಮನೆಯಲ್ಲಿ ಕೇಳಿದರು, "ಅಣ್ಣ ಎಲ್ಲಿ ಹೊಡೀತಿದ್ದ?"

ಮರುದಿನ ಬೆಳಿಗ್ಗೆ ದೊಡ್ಡತ್ತೆ ಮುಂದೆ, ನಾವಿಬ್ಬರು ಹಿಂದೆ. ಅವರು ಮನೆಯಿಂದ ಅಷ್ಟು ದೂರ ನಡೆದು ಹೋದದ್ದು ಆ ವರ್ಷದಲ್ಲಿ ಅದೇ ಮೊದಲು. ಊರು ಹಿಂದೆ ಬಿದ್ದು, ಜಾಲಿಯ ಗಿಡಗಳೂ ಮುಗಿದು, ಬಯಲು ಶುರುವಾಯಿತು. ಸಂಸ್ಥಾನದ ಕಾಲದಲ್ಲಿ ಕೆರೆಯ ಒಡ್ಡಿಗೆಂದು ಮಣ್ಣು ಅಗೆದು ಬಿಟ್ಟ ಉದ್ದನೆಯ ತಗ್ಗೊಂದು ಅಲ್ಲಿತ್ತು. ತಗ್ಗಿನ ಆ ತುದಿಯಲ್ಲಿ, ಒಯ್ಯದೆ ಉಳಿದ ಮಣ್ಣು ಮಾಳಿಗೆ ಮನೆಯಷ್ಟು ಎತ್ತರಕ್ಕೆ ಗುಡ್ಡೆಯಾಗಿ ನಿಂತಿತ್ತು. ಮಾವನವರು ಅದರ ಹಿಂದೆ ಹೋಗಿ ನೋಡಿದರು. ಮತ್ತೂ ಬಯಲು, ಬಯಲಿನ ಕೊನೆಗೆ ಇನ್ನೊಂದು ಮಣ್ಣಿನ ದಂಡೆ. ಮನೆಯಿಲ್ಲ, ದಾರಿಯಿಲ್ಲ, ಬಾವಿಯಿಲ್ಲ. ಅವರು ಹಿಂತಿರುಗಿ ಬಂದಾಗ ಮುಖ ಅರಳಿತ್ತು.

ದೊಡ್ಡತ್ತೆ ಪಕ್ಕದ ಏರಿಯ ಮೇಲೆ ಒಂದು ಜಾಗ ತೋರಿಸಿದರು. "ನಾ ಅಲ್ಲಿ ನಿಂದರತಿದ್ದೆ. ಕೆಂಪ ಸೀರಿ ಉಟ್ಕೊಂಡು ಬಾ ಅಂತಿದ್ರು. ನಾಕೂ ಕಡಿ ಕಾಣತೈತಿ ಅಲ್ಲಿಂದ. ಯಾರರ ಬಂದ್ರ ಕೈ ಎತ್ತತಿದ್ದೆ. ನನ್ನ ಕೈ ಮ್ಯಾಲಿದ್ದಷ್ಟ ಹೊತ್ತು ಅವರು ಹೊಡಿಯಂಗಿಲ್ಲ."

ಆ ನೆಲ ಒಂದು ಕುರುಬರ ಮನೆತನಕ್ಕೆ ಸೇರಿದ್ದು. ಅವರಲ್ಲಿ ಹಿರಿಯನಾದ ಅಜ್ಜ ಕುರಿ ಬಿಟ್ಟುಕೊಂಡು ಹತ್ತಿರದಲ್ಲೇ ಇದ್ದ. ಮಾವನವರು ಚಪ್ಪಲಿ ಬಿಟ್ಟು ಅವನ ಕಂಬಳಿಯ ಪಕ್ಕ ಕೂತು, ಲೈಸೆನ್ಸ್ ತೆಗೆದು ತೋರಿಸಿ, ಕೇಳಿಕೊಂಡರು. ಅಜ್ಜ ಆ ಕಾಗದವನ್ನು ನೋಡಲಿಲ್ಲ, ದೊಡ್ಡತ್ತೆಯನ್ನು ನೋಡಿದ.

"ನಿಮ್ಮ ಅಣ್ಣಾರು ಹೊಡೀತಿದ್ರು. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಕುರಿ ಗಬ್ಬ ಇದ್ದಾಗ ಸಪ್ಪಳ ಮಾಡಬ್ಯಾಡ್ರಿ. ಅಂಜಿ ಕಂದ ಹಾಕ್ತಾವ."

"ಈಗ ಹೆಂಗರಿ?"

"ಈಗೇನಿಲ್ಲ. ಮರಿ ಎಲ್ಲಾ ಓಡ್ಯಾಡಾಕತ್ಯಾವ. ಬೀರಪ್ಪನ ಕಟ್ಟಿ ಅತ್ತಾಗ ಐತಿ, ಅತ್ತಾಗ ಮಾರಿ ಮಾಡಬ್ಯಾಡ್ರಿ. ಅಷ್ಟ."

ಮಾವನವರು ಊರಿನ ಪೊಲೀಸ್ ಪಾಟೀಲರಿಗೂ ಹೇಳಿ ಬಂದರು. ಹೊಡೆದ ಮೇಲೆ ಸುದ್ದಿ ತಿಳಿಯುವುದು ನನಗೆ ರೂಢಿ, ಹೊಡೆಯುವ ಮೊದಲೇ ಬಂದು ಹೇಳುವವರನ್ನು ಈಗ ಕಂಡೆ ಎಂದು ಅವರು ನಕ್ಕರಂತೆ.

ಮಳೆ ಬರುವ ಮುಂಚೆ, ನಮ್ಮ ಮನೆಯವರ ರಜೆಯ ದಿನ ನೋಡಿ ಹೊರಟೆವು. ಅತ್ತೆಯವರು ತಾವೇ ಪೆಟ್ಟಿಗೆಯ ಕೀಲಿ ತೆಗೆದು, ಬಂದೂಕಿಗೆ ವಿಭೂತಿ ಹಚ್ಚಿ, ಹಳೆಯ ಕೌದಿಯಲ್ಲಿ ಸುತ್ತಿ ಕೊಟ್ಟರು. ಬಸ್ಸಿನಲ್ಲಿ ಕಂಡಕ್ಟರು ಇದೇನು ಎಂದು ಕೇಳಿದ. ನಮ್ಮ ಮನೆಯವರು ಏನೋ ಹೇಳಿ ತೇಲಿಸಲು ನೋಡಿದರು. ಮಾವನವರು ಎಲ್ಲರಿಗೂ ಕೇಳುವ ಹಾಗೆ, "ಬಂದೂಕರಿ. ಖಾಲಿ ಐತಿ. ಲೈಸೆನ್ಸ್ ಇಲ್ಲೈತಿ ನೋಡ್ರಿ," ಎಂದರು. ಪಕ್ಕದಲ್ಲಿ ಕೂತಿದ್ದ ದಪ್ಪ ಮನುಷ್ಯ ಎದ್ದು ಹಿಂದಕ್ಕೆ ಹೋದ. ಅಕ್ಕಲಕೋಟದವರೆಗೆ ನಮಗೆ ಕಾಲು ಚಾಚಿ ಕೂರಲು ಜಾಗ ಸಿಕ್ಕಿತು.

ಏರಿಯ ಮೇಲೆ ನಾನು ನಿಂತೆ. ನನ್ನ ಮದುವೆಯ ಕೆಂಪು ಸೀರೆ ಉಟ್ಟುಕೊಂಡು ಬರಲು ದೊಡ್ಡತ್ತೆಯೇ ಹೇಳಿ ಕಳಿಸಿದ್ದರು. ಅವರು ಬಿಳಿ ಸೀರೆಯಲ್ಲಿ ನನ್ನ ಪಕ್ಕ ಕೂತು, ಯಾವ ಕಡೆ ಎಷ್ಟು ಹೊತ್ತು ನೋಡಬೇಕು, ಗಿಡದ ನೆರಳಲ್ಲಿ ಮಲಗಿದವರನ್ನು ಹೇಗೆ ಗುರುತಿಸಬೇಕು ಎಂದು ಹೇಳಿಕೊಟ್ಟರು. ಕೆಳಗೆ ನಮ್ಮ ಮನೆಯವರು ಮಣ್ಣಿನ ಗುಡ್ಡೆಯ ಬುಡದಲ್ಲಿ ಒಂದು ಹಲಗೆ ನಿಲ್ಲಿಸಿ ಬಂದರು. ಅದರ ಮೇಲೆ ಮಾವನವರು ಅಂಗಡಿಯ ಸುಣ್ಣದಲ್ಲಿ ದುಂಡಗೆ ಗೆರೆ ಎಳೆದಿದ್ದರು. ಆಮೇಲೆ ಅವರು ಕೌದಿ ಹಾಸಿ ಬೋರಲು ಮಲಗಿ, ಅಣ್ಣನ ಬಂದೂಕಿಗೆ ಕೆನ್ನೆ ಹಚ್ಚಿದರು. ನಾನು ಎತ್ತಿದ್ದ ಕೈಯನ್ನು ಇಳಿಸಿದೆ.

ಏನೂ ಆಗಲಿಲ್ಲ. ಬಹಳ ಹೊತ್ತು ಏನೂ ಆಗಲಿಲ್ಲ. ನಮ್ಮ ಹಿಂದೆ ಬಂದು ನಿಂತಿದ್ದ ಕುರುಬರ ಅಜ್ಜ, "ನಿದ್ದಿ ಹತ್ತೇತೇನು ಅವರಿಗೆ?" ಎಂದು ದೊಡ್ಡತ್ತೆಯನ್ನು ಕೇಳಿದ. ಅಷ್ಟರಲ್ಲಿ ಸಪ್ಪಳ ಬಂತು. ನನ್ನ ಎದೆಯೊಳಗೇ ಯಾರೋ ಬಾಗಿಲು ಬಡಿದ ಹಾಗಾಯಿತು. ದೂರದಲ್ಲಿ ಕುರಿಗಳು ತಲೆಯೆತ್ತಿದವು. ಹಲಗೆ ನಿಂತಲ್ಲೇ ನಿಂತಿತ್ತು. ಅದರಿಂದ ಬಹಳ ಮೇಲೆ, ಗುಡ್ಡೆಯ ನಡುವಿನಲ್ಲಿ ಧೂಳು ಎದ್ದಿತು.

ಮಾವನವರು ಬಂದೂಕು ಖಾಲಿ ಮಾಡಿ, ಮಗನಿಗೆ ತೋರಿಸಿ, ಕೌದಿಯ ಮೇಲಿಟ್ಟು, ಗುಡ್ಡೆಯತ್ತ ಹೋದರು. ನಾನೂ ದೊಡ್ಡತ್ತೆಯೂ ಇಳಿದು ಹೋದೆವು. ಅವರು ಮಣ್ಣಿನಲ್ಲಿ ಬೆರಳು ತೂರಿಸಿ ಗುಂಡು ಹೊಕ್ಕ ತೂತನ್ನು ಮುಟ್ಟಿ ನೋಡುತ್ತಿದ್ದರು.

"ಗುರಿ ತಪ್ಪೇತಿ ಅಪ್ಪಾ," ಎಂದರು ನಮ್ಮ ಮನೆಯವರು.

"ತಪ್ಪಲಿ. ಇಲ್ಲೇ ಐತಿ ನೋಡು. ಆ ಕಡಿ ಹೋಗಿಲ್ಲ," ಎಂದರು ಮಾವನವರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಅಷ್ಟು ಸಂತೋಷ ಅವರ ಮುಖದಲ್ಲಿ ನನ್ನ ಮಗ ಹುಟ್ಟಿದ ದಿನ ಮಾತ್ರ ಮತ್ತೆ ಕಂಡೆ.

ಮಧ್ಯಾಹ್ನದ ಹೊತ್ತಿಗೆ ಹಲಗೆಯ ಅಂಚಾದರೂ ಹಾರುವಂತಾಯಿತು. ಮನೆಗೆ ಬಂದ ಮೇಲೆ ದೊಡ್ಡತ್ತೆ ಬಂದೂಕನ್ನು ಕೇಳಿ ತೆಗೆದುಕೊಂಡರು. ಅದು ಖಾಲಿ ಇದೆಯೆಂದು ಮಾವನವರು ಎರಡು ಸಲ ತೋರಿಸಿಕೊಟ್ಟರು. "ಹೊಡಿಯೂದು ಅವರದು, ಒರಸೂದು ನಂದಿತ್ತು," ಎಂದು ಹೇಳಿ, ಗೂಡಿನಿಂದ ಎಣ್ಣೆಯ ಶೀಸೆ, ಹಳೆಯ ಧೋತರದ ಚೂರು, ಉದ್ದನೆಯ ಸರಳು ತೆಗೆದರು. ಎಲ್ಲವೂ ಅವರು ಇಟ್ಟ ಜಾಗದಲ್ಲೇ ಇದ್ದವು. ಒರೆಸುತ್ತ ಒರೆಸುತ್ತ ಅವರು ಅತ್ತರು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಮಾವನವರು ಪಕ್ಕದಲ್ಲಿ ಕೂತು ಅಣ್ಣನ ಒಂದೊಂದೇ ಕಥೆ ಹೇಳಿದರು. ಕೊನೆಗೆ ದೊಡ್ಡತ್ತೆಯೂ ಹೇಳಿದರು.

ಆ ಮೇಲಿನ ವರ್ಷಗಳಲ್ಲಿ ಸುದ್ದಿ ಹೇಗೋ ಹಬ್ಬಿತು. ಹೊಸದಾಗಿ ಲೈಸೆನ್ಸ್ ಪಡೆದ ರೈತರು, ಒಮ್ಮೆ ಮಂಗಳವೇಢೆಯ ಕಡೆಯ ಒಬ್ಬ ಜಮೀನುದಾರರು ಕೂಡ, ನಮ್ಮ ಅಂಗಡಿಗೆ ಬಂದು, ಹೊಡೆದು ಕಲಿಯಲು ಜಾಗ ಎಲ್ಲಿದೆ ಎಂದು ಕೇಳತೊಡಗಿದರು. ಮಾವನವರು ಕತ್ತರಿ ಕೆಳಗಿಟ್ಟು, ಹಲಗೆಯ ಮೇಲೆ ಖಾಕಿ ತಾನನ್ನು ಅಡ್ಡ ಇಟ್ಟು, ಸುಣ್ಣದ ತುಂಡುಗಳನ್ನು ಜೋಡಿಸಿ, ಎಲ್ಲ ಹೇಳುತ್ತಿದ್ದರು. ಕೇಳುವಷ್ಟು ತಾಳ್ಮೆ ಇದ್ದವರನ್ನು ಮಾತ್ರ ಅಕ್ಕಲಕೋಟಕ್ಕೆ ಕರೆದೊಯ್ಯುತ್ತಿದ್ದರು, ಅದೂ ಕುರುಬರ ಅಜ್ಜ ಹೂಂ ಎಂದರೆ. ಜಮೀನುದಾರರು ನಡುವೆಯೇ ಎದ್ದು ಹೋದರು. ಬಂದವರೆಲ್ಲ ದೊಡ್ಡತ್ತೆಯ ಮನೆಯಲ್ಲಿ ಚಹಾ ಕುಡಿದು, ಅವರ ಗಂಡನ ಬಂದೂಕಿನ ಕಥೆ ಕೇಳಿಯೇ ಹೋಗಬೇಕಿತ್ತು. ಒಂಟಿಯಾಗಿದ್ದ ಆ ಮನೆಯಲ್ಲಿ ಮಾತು ತುಂಬಿತು.

ಹಂದಿಗಳ ವಿಷಯ ಹೇಳುವುದಾದರೆ, ಮಾವನವರು ಅವುಗಳ ಮೇಲೆ ಒಮ್ಮೆಯೂ ಗುಂಡು ಹಾರಿಸಲಿಲ್ಲ. ಹಂದಿ ಬರುವುದು ಕತ್ತಲಲ್ಲಿ. ಕತ್ತಲಲ್ಲಿ ಅದರ ಹಿಂದೆ ಏನಿದೆ ಎಂದು ಹೇಗೆ ತಿಳಿಯಬೇಕು ಎಂದು ಅವರ ಪ್ರಶ್ನೆ. ಆಳುಗಳಿಂದ ಡಬ್ಬಿ ಬಡಿಸಿ ಓಡಿಸುತ್ತಿದ್ದರು. ಈ ಮಾತಿಗೆ ನಾವು ನಕ್ಕರೆ ದೊಡ್ಡತ್ತೆ, "ಅವರ ಅಣ್ಣನೂ ಡಬ್ಬಿನ ಬಡಿಸ್ತಿದ್ರು. ನಿಮಗ ಹೇಳಿಲ್ಲ ಅಷ್ಟ," ಎನ್ನುತ್ತಿದ್ದರು.

ಕೆಲವು ವರ್ಷಗಳಾದ ಮೇಲೆ ಕುರುಬರ ಅಜ್ಜನ ಮಕ್ಕಳು ಬೇರೆಯಾದರು. ಕಿರಿಯ ಮಗ ಗುಡ್ಡೆಯ ಹಿಂದಿನ ಬಯಲಿನಲ್ಲಿ ಬಾವಿ ತೋಡಿಸಿ ಗುಡಿಸಲು ಹಾಕಿದ. ಅದು ತಿಳಿಯದೆ ನಾವು ಹೊಡೆಯಲು ಹೋದ ದಿನ ಅತ್ತೆಯವರೂ ನಮ್ಮ ಜೊತೆ ಬಂದಿದ್ದರು. ಮೊಮ್ಮಗನಿಗೆ ಹೊಲ ತೋರಿಸಬೇಕೆಂಬ ನೆಪದಲ್ಲಿ. ಏರಿಯ ಮೇಲೆ ನಿಂತ ದೊಡ್ಡತ್ತೆ ಕೈ ಎತ್ತಿದರು, ಇಳಿಸಲೇ ಇಲ್ಲ. ನಾವೆಲ್ಲ ಹತ್ತಿ ನೋಡಿದೆವು. ಗುಡಿಸಲಿನಿಂದ ಹೊಗೆ ಏಳುತ್ತಿತ್ತು. ಬಾಗಿಲಲ್ಲಿ ಒಬ್ಬ ಹೆಂಗಸು ಮಗುವಿಗೆ ಎರೆಯುತ್ತಿದ್ದಳು.

"ಮುಗೀತು ಇದು," ಎಂದರು ಮಾವನವರು. ಅವರ ದನಿಯಲ್ಲಿ ಬೇಸರವೇನೂ ಇರಲಿಲ್ಲ. ಬಂದೂಕನ್ನು ಕೌದಿಯಲ್ಲಿ ಸುತ್ತಿದರು. "ವೈನಿ, ಬೋರಿ ನದಿ ಕಡಿ ಯಾವುದರ ಎತ್ತರ ದಂಡಿ ಐತೇನ್ರಿ?"

"ಐತಿ. ದೂರ ಆಗ್ತೈತಿ. ಗಾಡಿ ಹೂಡಬೇಕು."

"ಅದರ ಆ ಕಡಿ ಏನೈತ್ರಿ?" ಎಂದು ಕೇಳಿದವರು ಅತ್ತೆಯವರು.

"ಹೋಗಿ ನೋಡಬೇಕವಾ," ಎಂದರು ದೊಡ್ಡತ್ತೆ.

ಜಾಲಿಯ ನೆರಳಲ್ಲಿ ಬುತ್ತಿ ಬಿಚ್ಚಿ ಊಟ ಮಾಡಿದೆವು. ಆಮೇಲೆ ಊರಿಗೆ ಹೋಗಿ ಮಾವನವರು ಗಾಡಿ ಹೂಡಿಸಿದರು. ಮುಂದೆ ಅವರೂ ದೊಡ್ಡತ್ತೆಯೂ ಕೂತು, ದಾರಿಯ ಎರಡೂ ಬದಿಯ ದಿನ್ನೆಗಳನ್ನು ಕೈ ಮಾಡಿ ತೋರಿಸುತ್ತ ಮಾತಾಡುತ್ತಿದ್ದರು. ಹಿಂದೆ ಹುಲ್ಲಿನ ಮೇಲೆ ನಾನು ಮತ್ತು ಅತ್ತೆಯವರು. ನನ್ನ ಮಗ ಅಜ್ಜಿಯ ತೊಡೆಯ ಮೇಲೆ ನಿದ್ದೆಹೋಗಿದ್ದ.